ಟೊಂಕ ಕಟ್ಟು

ಬೋರ್ಡು ಬರೆಯುವವನಿಗೆ ಹೆಸರು ಹೇಳಿದ್ದು ಫೋನಿನಲ್ಲಂತೆ.
ಹಾಗಾಗಿ ವಿರಾಜಪೇಟೆಯ ಗಡಿಯಾರ ಕಂಬದಿಂದ ಇಳಿಯುವ ಓಣಿಯಲ್ಲಿ
ಟೈರಿನ ಅಂಗಡಿಗೂ ಕೋವಿ ರಿಪೇರಿಗೂ ನಡುವೆ
ಹಳದಿ ಅಕ್ಷರದಲ್ಲಿ: ಟೊಂಕ ಕಟ್ಟು.
ಕೆಳಗೆ ಸಣ್ಣಗೆ: ಜಪಾನ್ ಊಟ. ಹಂದಿ ಮಾತ್ರ.

ಟೊಂಕಾಟ್ಸು ಎಂದು ತಿದ್ದಿಸಲಿಲ್ಲವೇಕೆ ಎಂದರೆ ಮಂದಣ್ಣ
"ಇರಲಿ, ಸುಳ್ಳೇನಲ್ಲವಲ್ಲ" ಎಂದು
ಏಪ್ರನ್ನಿನ ದಾರ ಬಿಗಿದು ತೋರಿಸಿದರು.

ಅಂದು ನನ್ನ ಬ್ಯಾಗಿನಲ್ಲಿ ಹನ್ನೊಂದು ಕಿವಿಗಳು,
ಗೇರುಬೀಜದ ಗಾತ್ರ, ಗೇರುಬೀಜದ್ದೇ ಡೊಂಕು.
ನಾಪೋಕ್ಲಿನ ಶಿಬಿರದಲ್ಲಿ ನಲವತ್ತು ಮಂದಿಗೆ
"ಕೇಳಿಸಿದರೆ ಕೈ ಎತ್ತಿ" ಎಂದೂ ಎಂದೂ
ನನ್ನ ದನಿಯೇ ನನಗೆ ಸಾಕಾಗಿತ್ತು.
ಮೈಸೂರಿನ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ.

ಹಂದಿ ನನಗೆ ಹೊಸದಲ್ಲ.
ಬಂಟ್ವಾಳದಲ್ಲಿ ಅಮ್ಮನ ಬಾಫಾತು, ಹಬ್ಬದ ಮರುದಿನ ಇನ್ನೂ ರುಚಿ;
ಕಾಚಂಪುಳಿ ಹಿಡಿದ ಇಲ್ಲಿಯ ಕಪ್ಪು ಪಂದಿಯನ್ನೂ
ಮದುವೆಗಳಲ್ಲಿ ಎರಡನೆಯ ಸಲ ಕೇಳಿ ಹಾಕಿಸಿಕೊಂಡವಳು.
ಆದರೆ ಹೀಗೆ, ಮಸಾಲೆಯ ಕಂಬಳಿ ಇಲ್ಲದೆ,
ಬರೀ ಉಪ್ಪು ಮೆಣಸು ತಾಗಿಸಿಕೊಂಡು
ಹಲಗೆಯ ಮೇಲೆ ಬಿಳಿಚಿ ಮಲಗಿದ್ದನ್ನು ಕಂಡು
ಯಾರದೋ ಸ್ನಾನದ ಮನೆಗೆ ತಪ್ಪಿ ಹೊಕ್ಕ ಹಾಗಾಯಿತು.

ಆರು ಸ್ಟೂಲು. ಎರಡರಲ್ಲಿ ಎಸ್ಟೇಟಿನ ರೈಟರುಗಳು.
ಪೊನ್ನವ್ವ ಕೋಸು ಹೆಚ್ಚುತ್ತಿದ್ದರು ಕೂದಲೆಳೆಯಷ್ಟು ತೆಳ್ಳಗೆ,
ಗಂಡನ ಮೇಲಿನ ಯಾವುದೋ ಹಳೆಯ ಸಿಟ್ಟಿನ ಲಯದಲ್ಲಿ.

ಹಿಟ್ಟು, ಮೊಟ್ಟೆ, ಆಮೇಲೆ ಮೊನ್ನೆಯ ಬ್ರೆಡ್ಡು,
ತೆಂಗಿನಕಾಯಿಯ ಹಾಗೆ ತುರಿದದ್ದು.
ಇಪ್ಪತ್ತಾರು ವರ್ಷ ಹಡಗಿನ ಅಡುಗೆಮನೆ;
ಕೋಬೆ ಬಂದರಿನಲ್ಲಿ ಹಡಗು ಕೆಟ್ಟು ನಿಂತ ನಾಲ್ಕು ತಿಂಗಳು
ಒಬ್ಬ ಮುದುಕನ ಅಂಗಡಿಯಲ್ಲಿ ತಟ್ಟೆ ತೊಳೆದು ಕಲಿತದ್ದು.
"ಒಂದೇ ಪಾಠ ಹೇಳಿದ: ಎಣ್ಣೆ ಮಾತಾಡ್ತದೆ, ಕೇಳು.
ಮೊದಲು ಜಗಳ, ಆಮೇಲೆ ಹರಟೆ,
ಪಿಸುಮಾತಾದಾಗ ಎತ್ತು."

ಅಷ್ಟರಲ್ಲಿ ನಾನು ಗಮನಿಸಿದ್ದೆ:
ಎಡಗಡೆಯಿಂದ ಕೇಳಿದ್ದಕ್ಕೆ ಅವರು ಇಡೀ ಮೈ ತಿರುಗಿಸುವುದನ್ನು,
ಕುಕ್ಕರಿನ ಸೀಟಿಗೆ ಪೊನ್ನವ್ವ ಮಾತ್ರ ಏಳುವುದನ್ನು.
ಎಂಜಿನ್ನಿನ ಪಕ್ಕದ ಅಡುಗೆಮನೆ, ಇಪ್ಪತ್ತಾರು ವರ್ಷ.
ಮೊದಲು ಹೋಗುವುದು ಇಂಥವೇ. ಹಕ್ಕಿ, ಸೀಟಿ, ಪಿಸುಮಾತು.

ವೃತ್ತಿಯ ಚಾಳಿ. ಬ್ಯಾಗು ತೆರೆದೆ.
"ಸುಮ್ಮನೆ, ಹತ್ತು ನಿಮಿಷ."

ಕಿವಿಗೆ ಕೂರಿಸಿದ್ದೇ ಬಾಣಲೆಯತ್ತ ಬಗ್ಗಿ
ಹಾಗೇ ನಿಂತುಬಿಟ್ಟರು.
"ಅಯ್ಯೋ, ಇವನು ಇಷ್ಟು ಮಾತಾಡ್ತಾನಾ!"
ಕೇಳಿದರು, ಕೇಳಿದರು, ನಗುತ್ತ ಕೇಳಿದರು,
ಜಗಳ ಮುಗಿದು, ಹರಟೆ ಮುಗಿದು,
ಪಿಸುಮಾತೂ ಮುಗಿದು
ನನ್ನ ಊಟ ಕಾಚಂಪುಳಿಯ ಬಣ್ಣಕ್ಕೆ ತಿರುಗುವವರೆಗೆ.

ರೈಟರುಗಳು ನಕ್ಕರು. ಪೊನ್ನವ್ವ
ಅವರ ಎಡಗಡೆ ನಿಂತು ಗೊಣಗಲು ಹೊರಟದ್ದನ್ನು
ತಟ್ಟನೆ ನುಂಗಿಕೊಂಡರು.

ಮಂದಣ್ಣ ಯಂತ್ರ ತೆಗೆದು, ಒರೆಸಿ, ಹಲಗೆಯ ಮೇಲಿಟ್ಟರು.
ಇನ್ನೊಂದು ತುಂಡು ಎಣ್ಣೆಗೆ. ಉದ್ದದ ಕಡ್ಡಿಗಳ ತುದಿ ಅದಕ್ಕೆ ತಾಗಿಸಿ
ಕಣ್ಣು ಅರೆಮುಚ್ಚಿ, ಹೆಬ್ಬೆರಳ ಬುಡ ತೋರಿಸಿದರು:
"ಕಿವಿ ಈಗ ಇಲ್ಲಿದೆ. ನೀವೂ ಹಿಡೀರಿ."
ಹಿಡಿದೆ. ಜಗಳ ತಿಳಿಯಿತು. ಹರಟೆ, ಬಹುಶಃ.
ಆಮೇಲೆ ಅವರು "ಈಗ" ಎಂದರು.
ನನಗೇನೂ ಕೇಳಿಸಿರಲಿಲ್ಲ.
ನಾನು ಕೈ ಎತ್ತಲಿಲ್ಲ.

ಅಡ್ಡಡ್ಡ ಕೊಯ್ದ ಆರು ಹೋಳು,
ಸಣ್ಣಕ್ಕಿ ಅನ್ನ, ಕೋಸಿನ ಗುಡ್ಡೆ,
ಬೆಲ್ಲ ಕೂಡಿಸಿದ ಕಾಚಂಪುಳಿ ಒಂದು ಬಟ್ಟಲು
(ಕೋಬೆಯ ಮುದುಕ ಕ್ಷಮಿಸಬೇಕು).
ಕಚ್ಚಿದೆ. ಕರಂ ಎಂಬ ಸದ್ದು
ದವಡೆಯ ಮೂಳೆ ಹಿಡಿದು ನೇರ ತಲೆಗೆ ಏರಿತು.
ಎಂಥ ಕಿವುಡರಿಗೂ ಈ ದಾರಿ ಒಂದು ತೆರೆದಿರುತ್ತದೆ,
ಪುಸ್ತಕದಲ್ಲಿ ಓದಿದ್ದೆ.
ಒಳಗೆ ಮಾಂಸ ಮೆತ್ತಗೆ, ಬೆಚ್ಚಗೆ, ಒಂದೂ ಮಾತಿಲ್ಲದೆ.

ಕರಿದು ಕಪ್ಪಾದದ್ದಕ್ಕೆ ದುಡ್ಡು ಹಿಡಿಯಲಿಲ್ಲ.

ಬಸ್ಸು ಗೋಣಿಕೊಪ್ಪ ದಾಟಿದ ಮೇಲೆ ಕಿವಿ ಎಣಿಸಿದೆ.
ಹತ್ತು.
ಕೋಸಿನ ಹಲಗೆಯ ಬಳಿ ಪೊನ್ನವ್ವನ ಸೆರಗು ಒಮ್ಮೆ
ಸುಳಿದದ್ದು ನೆನಪು.
ಲೆಕ್ಕದ ಪುಸ್ತಕ ತೆಗೆದು ಬರೆದೆ, ಬಸ್ಸಿನ ಕುಲುಕಿಗೆ ಅಕ್ಷರ ಡೊಂಕಾಗಿ:
ಮಾದರಿ ಒಂದು. ಪರೀಕ್ಷೆಯಲ್ಲಿದೆ.